ದ್ಯಾವಮ್ಮ ಬಿಲ್ಲು ಕೊಂಡದ್ದು

ನಮ್ಮ ಸೋದರತ್ತೆ ದ್ಯಾವಮ್ಮ ಈ ಸಂಗತಿಯನ್ನು ನನಗೆ ನಾಲ್ಕೈದು ಸಲ ಹೇಳಿದ್ದಾರೆ. ಪ್ರತಿ ಸಲವೂ ಅಂಗಡಿ ಹುಡುಕಿದ್ದನ್ನು ಉದ್ದಕ್ಕೆ ಹೇಳುತ್ತಿದ್ದರು, ಹಂದಿ ಹೊಡೆದದ್ದನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದರು. ಕೇಳುವವರಿಗೆ ಬೇಕಾಗಿದ್ದು ಹಂದಿ. ಅವರಿಗೆ ಮುಖ್ಯವಾಗಿದ್ದು ಅಂಗಡಿ.

ಅದು ೧೯೬೬ನೇ ಇಸವಿ. ಅತ್ತೆಗೆ ಆಗ ಮೂವತ್ತೈದರ ಆಸುಪಾಸು. ಸಾಸಲು ಹೋಬಳಿಯಲ್ಲಿ ಗುಡ್ಡದ ಬುಡಕ್ಕೆ ಅಂಟಿಕೊಂಡ ಹದಿನೆಂಟು ಮನೆಗಳ ಹಳ್ಳಿ ಅವರದು. ಗಂಡ ಮುನಿಸ್ವಾಮಿ ಮಾವ ರೈಲ್ವೆಯಲ್ಲಿ ಗ್ಯಾಂಗ್‌ಮನ್. ವಾರವೆಲ್ಲ ಹಳಿಯ ಮೇಲೆ ಕೆಲಸ, ಭಾನುವಾರ ಮಾತ್ರ ಮನೆ. ಹಾಗಾಗಿ ಬೇಸಾಯವೆಲ್ಲ ಅತ್ತೆಯ ಕೈಯಲ್ಲೇ ಇತ್ತು. ಉಳುವುದಕ್ಕೆ ಆಳು ಬರುತ್ತಿದ್ದ, ಮಿಕ್ಕಿದ್ದನ್ನೆಲ್ಲ ತಾವೇ ಮಾಡುತ್ತಿದ್ದರು. ಕುಳ್ಳಗಿನ ಹೆಂಗಸು, ಆದರೆ ಭುಜ ಗಟ್ಟಿ. ಕವಣೆ ಬೀಸಿದರೆ ಜೋಳದ ತೆನೆಯ ಮೇಲೆ ಕೂತ ಗಿಣಿ ಉದುರುತ್ತಿತ್ತು, ತೆನೆ ಅಲುಗುತ್ತಿರಲಿಲ್ಲ.

ಆ ವರ್ಷ ಗುಡ್ಡದ ಕೆಳಗಿನ ಹೊಲಕ್ಕೆ ಗೆಣಸು ಹಾಕಿದ್ದರು. ಕಾರ್ತಿಕದಲ್ಲಿ ಬಳ್ಳಿ ಹಬ್ಬಿ ನೆಲ ಕಾಣದಂತಾಯಿತು. ಆಗ ಕಾಡುಹಂದಿಗಳು ಬಂದವು. ಒಂದು ಬೆಳಗಿನ ಜಾವ ಹೋಗಿ ನೋಡಿದರೆ ಮೂಲೆಯ ಎರಡು ಪಟ್ಟಿ ನೇಗಿಲು ಹೊಡೆದ ಹಾಗೆ ಬುಡಮೇಲಾಗಿತ್ತು. ನಾಲ್ಕು ಹಂದಿ, ಅವುಗಳ ಮುಂದೆ ಒಂದು ದೊಡ್ಡ ಗಂಡು. ಅತ್ತೆ ಅಟ್ಟಣೆ ಕಟ್ಟಿಸಿ ಕಾದರು, ತಗಡಿನ ಡಬ್ಬ ಬಡಿದರು, ಕವಣೆ ಬೀಸಿದರು. ಕಲ್ಲು ಬಿದ್ದರೆ ಹೆಣ್ಣುಹಂದಿಗಳು ಓಡುತ್ತಿದ್ದವು. ಆ ಗಂಡು ಮಾತ್ರ ತಲೆಯೆತ್ತಿ ಒಂದು ಸಲ ಗುರುಗುಟ್ಟಿ ಮತ್ತೆ ಗೆಣಸಿಗೆ ಬಾಯಿ ಹಾಕುತ್ತಿತ್ತು.

ಊರಲ್ಲಿ ಲೈಸೆನ್ಸಿನ ಕೋವಿ ಇದ್ದವನು ಪಿಳ್ಳಪ್ಪ ಒಬ್ಬನೇ. ಅತ್ತೆ ಅವನ ಜಗಲಿಗೆ ಹೋಗಿ ಕೇಳಿದರು. “ಬರ್ತೀನಿ ಹೋಗಮ್ಮ” ಅಂದ. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಮತ್ತೆ ಹೋದಾಗ ಅವನ ಜೊತೆ ನಾಲ್ಕು ಜನ ಕೂತಿದ್ದರು. ಪಿಳ್ಳಪ್ಪ ಅವರ ಮುಖ ನೋಡಿಕೊಂಡು, “ನಿನ್ನ ಗೆಣಸು ಕಾಯೋಕೆ ನಾನು ಮದ್ದು ಸುಡ್ಬೇಕಾ? ಗಂಡನ್ನ ಕರೆಸ್ಕೊ, ಇಲ್ದಿದ್ರೆ ನೀನೇ ಹೊಡ್ಕೊ” ಅಂದ. ಕೂತವರು ನಕ್ಕರು.

“ಆಯ್ತು, ನಾನೇ ಹೊಡ್ಕೊತೀನಿ” ಅಂದು ಅತ್ತೆ ಎದ್ದು ಬಂದರು.

ಆ ಭಾನುವಾರ ಮಾವನಿಗೆ ಊಟ ಬಡಿಸುತ್ತಾ, “ನಂಗೊಂದು ಬಿಲ್ಲು ಬೇಕು” ಅಂದರು. ಅತ್ತೆಯ ಅಪ್ಪನ ಹತ್ತಿರ ಒಂದು ಬಿಲ್ಲು ಇತ್ತಂತೆ. ಚಿಕ್ಕವರಿದ್ದಾಗ ಎರಡು ಮೂರು ಸಲ ಎಳೆದು ನೋಡಿದ್ದರು. ಅದಕ್ಕೆ ಗೆದ್ದಲು ಹಿಡಿದು ಎಷ್ಟೋ ವರ್ಷವಾಗಿತ್ತು.

ಮಾವ ನಗಲಿಲ್ಲ. ಮುದ್ದೆ ಮುರಿಯುತ್ತಾ, “ಎಲ್ಲಿ ಸಿಗುತ್ತೆ?” ಅಂತ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ಬಿಲ್ಲಿನಿಂದ ಹಂದಿ ಹೊಡೆಯಬಹುದೇ ಅಂತ ಮಾವ ಫಾರೆಸ್ಟ್ ಗಾರ್ಡ್‌ನನ್ನು ಕಂಡು ಕೇಳಿಕೊಂಡು ಬಂದರು. ಹೊಲಕ್ಕೆ ಬಂದ ಹಂದಿಯನ್ನು ಹೊಲದಲ್ಲೇ ಹೊಡೆದರೆ ತಾನು ಕೇಳುವುದಿಲ್ಲ, ಬಿಲ್ಲು ಹಿಡಿದು ಕಾಡೊಳಗೆ ಕಾಲಿಡಬಾರದು ಅಂದನಂತೆ. ದೊಡ್ಡಬಳ್ಳಾಪುರದ ಸಂತೆಯಲ್ಲಿ ಕುಡುಗೋಲು ಮಾರುವ ಪಾಪಯ್ಯನನ್ನು ಅತ್ತೆಯೇ ವಿಚಾರಿಸಿದರು. “ಮಚ್ಚು ಬೇಕಾದ್ರೆ ಈಗ್ಲೇ ತಟ್ಕೊಡ್ತೀನಿ ಕಣಕ್ಕ. ಬಿಲ್ಲು ಮಾಡೋರು ಈ ಸೀಮೇಲಿ ಯಾರೂ ಉಳ್ದಿಲ್ಲ. ಬೆಂಗ್ಳೂರಲ್ಲಿ ನೋಡು, ಅಲ್ಲಿ ಸಿಗ್ದೇ ಇರೋದು ಏನೈತೆ” ಅಂದ.

ಮಾವನಿಗೆ ರಜೆ ಸಿಗಲಿಲ್ಲ. ರೈಲ್ವೆಯವರ ಮನೆಮಂದಿಗೆ ಸಿಗುವ ಪಾಸು ಬರೆಸಿ ಕೊಟ್ಟರು. ಅತ್ತೆ ಬುತ್ತಿ ಕಟ್ಟಿಕೊಂಡು ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಮೊದಲನೇ ಸಲ ಒಬ್ಬರೇ ಬೆಂಗಳೂರಿಗೆ ಹೋದರು.

ಮೊದಲು ಹೊಕ್ಕಿದ್ದು ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಆಟದ ಸಾಮಾನಿನ ಅಂಗಡಿ. ಚೆಂಡು, ಬ್ಯಾಟು, ಬಲೆಗಳ ನಡುವೆ ಗೋಡೆಯ ಮೇಲೆ ಒಂದು ಬಿಲ್ಲಿತ್ತು. ಹಳದಿ ಬಣ್ಣ, ಮಿರಮಿರ ಮಿಂಚುತ್ತಿತ್ತು. ಅಂಗಡಿಯ ಹುಡುಗ ಅದನ್ನು ಇಳಿಸಿ ಕೊಟ್ಟು, “ಮಗೂಗಾ? ಸ್ಕೂಲ್ ಡೇಗಾ?” ಅಂದ. ಅದರ ಬಾಣದ ತುದಿಗೆ ರಬ್ಬರಿನ ಬಟ್ಟಲಿತ್ತು. ಅತ್ತೆ ಬಿಲ್ಲನ್ನು ಸ್ವಲ್ಪ ಬಗ್ಗಿಸಿ ನೋಡಿ, ಒಳಗೆ ಏನೋ ಚಟ್ ಅಂದದ್ದಕ್ಕೆ ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಬಂದರು.

ಯಾರೋ ಬಳೇಪೇಟೆಗೆ ಹೋಗಿ ಅಂದರು. ಅಲ್ಲೊಂದು ನಾಟಕದ ಸಾಮಾನಿನ ಅಂಗಡಿ. ಕಿರೀಟ, ಗದೆ, ಭುಜಕೀರ್ತಿ, ಅವುಗಳ ಹಿಂದೆ ಹತ್ತು ಹದಿನೈದು ಬಿಲ್ಲು. ಎಲ್ಲಕ್ಕೂ ಚಿನ್ನದ ಬಣ್ಣದ ಕಾಗದ, ತುದಿಗೆ ಗೊಂಡೆ, ಎಲ್ಲಕ್ಕೂ ಹೆದೆ ಏರಿಸಿಯೇ ತೂಗುಹಾಕಿದ್ದರು. ಅಂಗಡಿಯ ಮುದುಕ ಒಳ್ಳೆಯವನು. “ಯಾವ ಪಾತ್ರಕ್ಕಮ್ಮ?” ಅಂತ ಕೇಳಿದ.

“ಪಾತ್ರಕ್ಕಲ್ಲ ಸ್ವಾಮಿ. ಹಂದಿಗೆ.”

ಮುದುಕ ಕನ್ನಡಕ ತೆಗೆದು ಅತ್ತೆಯನ್ನು ಸರಿಯಾಗಿ ನೋಡಿದ. “ಹಂದಿ ಹೊಡೆಯೋ ಬಿಲ್ಲು ನನ್ನ ಹತ್ರ ಇಲ್ಲಮ್ಮ. ಮಾರ್ಕೆಟ್ ಹಿಂದೆ ಬಿದಿರು ಮಾರೋರ ಬೀದಿ ಇದೆ. ಅದರ ಕೊನೇಲಿ ಏಣಿ ಮಾಡೋ ಲಕ್ಷ್ಮಯ್ಯ ಅಂತ ಕೇಳು. ಬೋರ್ಡು ಗೀರ್ಡು ಏನಿಲ್ಲ” ಅಂದ.

ಹೊತ್ತು ನೆತ್ತಿ ದಾಟಿತ್ತು. ಅತ್ತೆ ಬಿದಿರಿನ ಬೀದಿಯ ಕೊನೆಗೆ ಹೋಗಿ ನೋಡಿದರೆ ಏಣಿ, ಮೊರ, ಚಾಪೆ. ಒಳಗೆ ಮಂದ ಬೆಳಕಿನಲ್ಲಿ ಗೋಡೆಗೆ ಒರಗಿಸಿದ ಬಿದಿರಿನ ದಬ್ಬೆಗಳು. ಹತ್ತಿರ ಹೋದ ಮೇಲೆ ತಿಳಿಯಿತು, ಅವೆಲ್ಲ ಬಿಲ್ಲುಗಳು. ಒಂದಕ್ಕೂ ಹೆದೆ ಏರಿಸಿರಲಿಲ್ಲ. ಹೆದೆಗಳನ್ನು ಸುತ್ತಿ ಬೇರೆ ಗೂಟಕ್ಕೆ ಹಾಕಿದ್ದರು. ತಮ್ಮ ಅಪ್ಪನೂ ಹೆದೆ ಬಿಚ್ಚಿಯೇ ಬಿಲ್ಲು ಇಡುತ್ತಿದ್ದುದು ಅತ್ತೆಗೆ ನೆನಪಾಯಿತು. ಆಗಲೇ ಅವರಿಗೆ ಇದೇ ಅಂಗಡಿ ಅನ್ನಿಸಿತಂತೆ.

ಲಕ್ಷ್ಮಯ್ಯ ಅರವತ್ತು ದಾಟಿದ ಮನುಷ್ಯ. ಬಿದಿರು ಸೀಳುತ್ತಾ ಕೂತಿದ್ದವನು ಎದ್ದೇಳಲಿಲ್ಲ.

“ಯಾತಕ್ಕೆ?”

“ಹಂದಿಗೆ.”

“ಒಂಟೀನಾ, ಗುಂಪಾ?”

“ನಾಕಿದಾವೆ. ಮುಂದೊಂದು ದೊಡ್ಡ ಗಂಡು, ಸಲಗ.”

“ನೆಲದ ಮೇಲೆ ನಿಂತ್ಕೊಂಡು ಹೊಡೀತೀಯೋ, ಅಟ್ಟಣೇನೋ?”

“ಅಟ್ಟಣೆ. ಎರಡಾಳೆತ್ತರ.”

“ಹಂದಿ ಬರೋ ದಾರಿಗೂ ಅಟ್ಟಣೆಗೂ ಎಷ್ಟು ಹೆಜ್ಜೆ? ಗಾಳಿ ಎತ್ಲಾಗಿಂದ?”

“ಬೆಳಿಗ್ಗೆಯಿಂದ ನನ್ನ ಹೊಲದ ಮಾತೆತ್ತಿದೋನು ಅವನೊಬ್ಬನೇ” ಎಂದು ಅತ್ತೆ ಕತೆ ಈ ಘಟ್ಟಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದರು.

ಲಕ್ಷ್ಮಯ್ಯ ಒಂದು ದಾರ ತಂದು ಅತ್ತೆಯ ಚಾಚಿದ ಎಡಗೈ ಬೆರಳಿನಿಂದ ಗದ್ದದವರೆಗೆ ಅಳೆದ. ಅತ್ತೆ ಅಷ್ಟರಲ್ಲಿ ಎಲ್ಲಕ್ಕಿಂತ ದಪ್ಪದ ಬಿಲ್ಲಿನ ಮೇಲೆ ಕಣ್ಣಿಟ್ಟಿದ್ದರು. ಅವನು ಅದಕ್ಕೆ ಹೆದೆ ಏರಿಸಿಕೊಟ್ಟ. ಅತ್ತೆ ಹಲ್ಲು ಕಚ್ಚಿ ಗದ್ದದವರೆಗೂ ಎಳೆದರು.

“ಎಳೆದೆ. ಈಗ ಹಂಗೇ ಇರು. ಹಂದಿ ಇನ್ನೂ ತಿರುಗಿಲ್ಲ” ಅಂದ ಲಕ್ಷ್ಮಯ್ಯ.

ಐದು ಎಣಿಸುವುದರೊಳಗೆ ಕೈ ನಡುಗತೊಡಗಿತು. ಅವನು ಬಿಲ್ಲು ಇಸಿದುಕೊಂಡು, ಹೆದೆ ಇಳಿಸಿ, ಅದಕ್ಕಿಂತ ತೆಳುವಾದ ಇನ್ನೊಂದನ್ನು ಕೊಟ್ಟ. ಅದನ್ನು ಎಳೆದಾಗ ಕೈ ನಿಂತಿತು. “ಇದು ನಿಂದು. ಎರಡು ವರ್ಷ ಒಣಗಿದ ಬಿದಿರು. ಮಳೇಲಿ ನೆನೆಸ್ಬೇಡ, ಒಲೆ ಹತ್ರ ಇಡ್ಬೇಡ” ಅಂದ. ಆದರೆ ಜೊತೆಗೆ ಕೊಟ್ಟ ಹತ್ತು ಬಾಣಗಳಿಗೂ ಕಬ್ಬಿಣದ ಅಲಗು ಇರಲಿಲ್ಲ. ಬರೀ ಕೆತ್ತಿದ ಬಿದಿರಿನ ತುದಿ.

“ಅಲಗು?” ಅಂದರು ಅತ್ತೆ.

“ಕೊಡಲ್ಲ.”

“ದುಡ್ಡು ತಂದಿದೀನಿ.”

“ಯಾರು ಇಲ್ಲ ಅಂದ್ರು? ಹುಲ್ಲಿನ ಮೂಟೆಗೆ ಹದಿನೈದು ಹೆಜ್ಜೆಯಿಂದ ಹೊಡಿ. ಹತ್ತಕ್ಕೆ ಎಂಟು ಅಂಗೈ ಅಗಲದಲ್ಲಿ ನಾಟಿದಾಗ ಬಾ. ಅರೆಜೀವ ಆದ ಹಂದಿ ಯಾರದೋ ತೊಡೆ ಸೀಳುತ್ತೆ. ಆ ಪಾಪ ನನ್ನ ಅಂಗಡಿಗೆ ಬೇಡ.”

ಅತ್ತೆಗೆ ಸಿಟ್ಟು ಬಂತು. ರೈಲಿನಲ್ಲಿ ಯಲಹಂಕ ದಾಟುವವರೆಗೂ ಇತ್ತು. ಆಮೇಲೆ ಯೋಚನೆ ಮಾಡಿದರೆ ಅವನು ಹೇಳಿದ್ದು ಸರಿ ಅನ್ನಿಸಿತು.

ಹಟ್ಟಿಯ ಹಿಂದೆ ಗೋಣಿಚೀಲಕ್ಕೆ ಹುಲ್ಲು ತುರುಕಿ, ಮಧ್ಯೆ ಸುಣ್ಣದಲ್ಲಿ ಅಂಗೈ ಅಚ್ಚೊತ್ತಿದರು. ದಿನಾ ಹಾಲು ಕರೆದ ಮೇಲೆ ನೂರು ಬಾಣ. ಮೊದಲನೇ ವಾರ ಬಾಣಗಳು ಮೂಟೆ ಬಿಟ್ಟು ಮಿಕ್ಕೆಲ್ಲ ಕಡೆ ಹೋದವು. ಹೆದೆ ತಾಗಿ ಎಡಗೈ ಒಳಗೆಲ್ಲ ಬಾಸುಂಡೆ. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರು. ಪಕ್ಕದ ಮನೆಯ ಮಾರಕ್ಕ, “ಇದ್ಯಾಕೆ ಬೇಕಿತ್ತೇ ನಿಂಗೆ” ಅನ್ನುತ್ತಲೇ ಕೈಗೆ ಎಣ್ಣೆ ಹಚ್ಚಿ, ಹಳೆಯ ಎಕ್ಕಡದ ಚರ್ಮ ಕತ್ತರಿಸಿ ಕೈಗಾಪು ಮಾಡಿ ಕಟ್ಟಿಕೊಟ್ಟಳು. ಭಾನುವಾರ ಮಾವ ಬಾಣ ಆಯ್ದು ತಂದು ಕೊಡುತ್ತಿದ್ದರು. ಹಂದಿಗಳು ದಿನ ಬಿಟ್ಟು ದಿನ ಬರುತ್ತಲೇ ಇದ್ದವು. ಅತ್ತೆ ಡಬ್ಬ ಬಡಿದು ಆದಷ್ಟು ಉಳಿಸಿಕೊಂಡರು.

ಐದನೇ ವಾರ ಒಂದು ಬೆಳಿಗ್ಗೆ ಹತ್ತಕ್ಕೆ ಎಂಟು ನಾಟಿತು. ಮಾರನೇ ದಿನವೂ ಎಂಟು. ಮೂರನೇ ದಿನ ರೈಲು ಹತ್ತಿದರು.

ಲಕ್ಷ್ಮಯ್ಯ ಅಂಗಡಿಯ ಹಿಂದಿನ ಓಣಿಯಲ್ಲಿ ಹುಲ್ಲಿನ ಮೂಟೆ ಇಟ್ಟು, ಅದರ ಮೇಲೆ ಅಂಗೈ ಅಗಲದ ಗುರುತು ಮಾಡಿ, ಹದಿನೈದು ಹೆಜ್ಜೆ ಅಳೆದ. ಬಿದಿರಿನ ಬೀದಿಯವರೆಲ್ಲ ಕೆಲಸ ಬಿಟ್ಟು ಬಂದು ಎರಡೂ ಕಡೆ ನಿಂತರು. ಅತ್ತೆ ಸೆರಗು ಬಿಗಿದು ನಿಂತರು. ಮೊದಲನೇ ಬಾಣ ಗುರುತಿನ ಅಂಚಿಗೆ ಬಿತ್ತು. ಆಮೇಲೆ ಒಂಬತ್ತು ಬಾಣ ಒಂದರ ಪಕ್ಕ ಒಂದು, ಗುರುತಿನ ಒಳಗೇ ಕೂತವು. ಲಕ್ಷ್ಮಯ್ಯ ಮೂಟೆಯ ಹತ್ತಿರ ಹೋಗಿ ಬಾಣಗಳ ಮೇಲೆ ಅಂಗೈ ಇಟ್ಟು ನೋಡಿದ. ಒಳಗೆ ಹೋಗಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ನಾಲ್ಕು ಅಲಗು ತಂದು, ತಾನೇ ಕೂತು ಒಂದೊಂದನ್ನೂ ಬಾಣಕ್ಕೆ ಬಿಗಿದುಕೊಟ್ಟ.

“ಎದುರಿಗೆ ಬರೋವಾಗ ಬಿಡ್ಬೇಡ. ಪಕ್ಕೆ ಕಾಣೋವರೆಗೂ ಕಾಯಿ. ಮುಂಗಾಲ ಹಿಂದೆ ಒಂದು ಗೇಣು. ಬಿದ್ರೂ ಬೆಳಕಾಗೋವರೆಗೂ ಕೆಳಗಿಳೀಬೇಡ” ಅಂದ. ಅತ್ತೆ ಹೊರಟಾಗ ಎದ್ದು ನಿಂತು ಕೈ ಮುಗಿದ. ಹೋದ ಸಲ ಬಿಲ್ಲನ್ನು ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದ ಅತ್ತೆ ಈ ಸಲ ಭುಜಕ್ಕೆ ಹಾಕಿಕೊಂಡೇ ರೈಲು ಹತ್ತಿದರು.

ನಾಲ್ಕನೇ ದಿನ ಬೆಳಗಿನ ಜಾವ. ಇಬ್ಬನಿ ಮುಸುಕಿತ್ತು, ಮೂಡಲಲ್ಲಿ ಬೆಳ್ಳಗಾಗುತ್ತಿತ್ತು. ಮೊದಲು ಬಳ್ಳಿ ಹರಿಯುವ ಸದ್ದು, ಆಮೇಲೆ ಆ ಸಲಗ. ನೇರ ಅಟ್ಟಣೆಯ ಕಡೆಗೇ ಬರುತ್ತಿತ್ತು. ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತು ಮೂಗೆತ್ತಿತು. ಅತ್ತೆ ಕಾದರು. ಅದು ತಲೆ ತಗ್ಗಿಸಿ ನೆಲ ಬಗೆಯಿತು. ಆಗಲೂ ಕಾದರು. ಪಕ್ಕದ ಸಾಲಿನ ಗೆಣಸಿಗೆಂದು ಅದು ಅಡ್ಡ ತಿರುಗಿದಾಗ ಎಳೆದು ಬಿಟ್ಟರು.

ಸಲಗ ಒಂದೇ ಸಲ ಕೂಗಿ ಓಡಿತು. ಬದುವಿನ ಹೊಂಗೆಮರದ ತನಕ ಹೋಗಿ ಮಗ್ಗುಲಾಗಿ ಬಿತ್ತು. ಮಿಕ್ಕವು ಗುಡ್ಡಕ್ಕೆ ನುಗ್ಗಿದವು. ಸೂರ್ಯ ಹುಟ್ಟುವವರೆಗೂ ಅತ್ತೆ ಅಟ್ಟಣೆಯಿಂದ ಇಳಿಯಲಿಲ್ಲ.

ಸುದ್ದಿ ಕೇಳಿ ಹದಿನೆಂಟು ಮನೆಯವರೂ ಹೊಲಕ್ಕೆ ಬಂದರು. ಪಿಳ್ಳಪ್ಪನೂ ಬಂದ. ಬಗ್ಗಿ ಹಂದಿಯನ್ನು ಸುತ್ತ ನೋಡಿದ. ಬಾಣ ಮುಂಗಾಲ ಹಿಂದೆ ಅರ್ಧಕ್ಕರ್ಧ ಇಳಿದಿತ್ತು.

“ಎಷ್ಟು ಬಾಣ ಬಿಟ್ಟೆ?”

“ಒಂದೇ.”

ಪಿಳ್ಳಪ್ಪ ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. “ನನ್ನ ಕೋವೀಲಿ ಇಷ್ಟು ಒಪ್ಪವಾಗಿ ಒಂದ್ಸಲಾನೂ ಬಿದ್ದಿಲ್ಲ ಕಣಮ್ಮ” ಅಂದ. ಆಮೇಲೆ ಯಾರೂ ಕೇಳದಿದ್ದರೂ ತನ್ನ ಎತ್ತು ತರಿಸಿ ಹಂದಿಯನ್ನು ಊರಿಗೆ ಎಳೆಸಿದ. ಅತ್ತೆ ಮುಂದೆ ನಡೆದರು, ಹೆಗಲ ಮೇಲೆ ಬಿಲ್ಲು, ಹಿಂದೆ ಊರು. ಹದಿನೆಂಟು ಮನೆಗೂ ಪಾಲು ಹೋಯಿತು.

ಹಂದಿಗಳು ಆ ವರ್ಷ ಮತ್ತೆ ಆ ಹೊಲಕ್ಕೆ ಬರಲಿಲ್ಲ. ಪುಷ್ಯದಲ್ಲಿ ಗೆಣಸು ಕಿತ್ತಾಗ ಎರಡು ಗಾಡಿ ತುಂಬಿತು. ಮಾವ ರಜೆ ಹಾಕಿ ಬಂದು ಮುಂದಿನ ಗಾಡಿ ತಾವೇ ಹೊಡೆದರು. ಅತ್ತೆ ಮೂಟೆಗಳ ಮೇಲೆ ಕೂತು, ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಒಂದೊಂದು ಗೆಣಸು ಎಸೆಯುತ್ತಾ ದೊಡ್ಡಬಳ್ಳಾಪುರದ ಸಂತೆಗೆ ಹೋದರು.