ಸುಣ್ಣದ ಹಿಮ

ನನ್ನ ಗಂಡ ಕಟ್ಟಿದ ಮೊದಲ ಬಂಕರನ್ನು ಇರುವೆಗಳು ತಿಂದು ಹಾಕಿದವು. ತಮಾಷೆಗೆ ಹೇಳುತ್ತಿಲ್ಲ. ನನ್ನ ಹೊಲಿಗೆ ಬುಟ್ಟಿಯಿಂದ ಲೈನಿಂಗ್ ಬಟ್ಟೆಯ ಚೂರುಗಳನ್ನು ಕೇಳದೆ ಎತ್ತಿಕೊಂಡು, ಉಗುರಿನಷ್ಟು ಉಗುರಿನಷ್ಟು ಚೀಲ ಹೊಲಿದು, ಅಡುಗೆಮನೆಯ ರವೆ ತುಂಬಿ, ಒಂದರ ಮೇಲೊಂದು ಒಟ್ಟಿ ಗೋಡೆ ಎಬ್ಬಿಸಿದ್ದರು. ಮರಳಿನ ಮೂಟೆಗಳಂತೆ ಕಾಣಬೇಕಂತೆ. ಒಂದೆರಡು ದಿನ ಹಾಗೆಯೇ ಕಂಡವು ಕೂಡ. ಆಮೇಲೆ ಬಾಗಿಲ ಸಂದಿಯಿಂದ ಕೆಂಪಿರುವೆಗಳ ಸಾಲು ಹೊರಟಿತು. ನಾನು ಹೋಗಿ ನೋಡುವಷ್ಟರಲ್ಲಿ ಚೀಲಗಳೆಲ್ಲ ಜೋತುಬಿದ್ದಿದ್ದವು.

"ನಿಮ್ಮ ಮಿಲಿಟ್ರ್ಯಾಗ ಉಪ್ಪಿಟ್ಟಿನ ರವಾ ತುಂಬತಿದ್ರೇನ್ರಿ?" ಎಂದು ಕೇಳಿದೆ.

ಅವರು ನಗಲಿಲ್ಲ. "ಉಸುಕು ಭಾರ ಆಗತೈತಿ. ತಳದ ರಟ್ಟು ಬಾಗತೈತಿ," ಎಂದರು. ಆ ವಾರ ಅವರು ನನ್ನೊಡನೆ ಆಡಿದ ಮಾತುಗಳಲ್ಲಿ ಬಹುಶಃ ಅದೇ ಉದ್ದದ್ದು.

ನಾವು ಇರುವುದು ಬೈಲಹೊಂಗಲದಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಅವರ ಯುದ್ಧ. ಅವರು ಸೈನ್ಯದಲ್ಲಿದ್ದರು, ನಿವೃತ್ತರಾದ ಮೇಲೆ ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದರು, ಈಗ ಅದೂ ಮುಗಿದಿದೆ. ಸೈನ್ಯದಲ್ಲಿದ್ದ ಅಷ್ಟೂ ವರ್ಷ ನಾನು ಅವರಿಲ್ಲದೆ ಇದ್ದೆ. ಆಗಿನ ಒಂಟಿತನಕ್ಕೆ ಒಂದು ಮರ್ಯಾದೆ ಇತ್ತು. ಬ್ಲೌಸ್ ಹೊಲಿಸಲು ಬಂದವರು ಕೂತು "ಯಾವಾಗ ಬರ್ತಾರಂತ್ರಿ?" ಎಂದು ಕೇಳಿ ಹೋಗುತ್ತಿದ್ದರು. ಅವರು ಮನೆಗೆ ಬಂದು ನೆಲೆಸಿದ ಮೇಲೆ ಯಾರೂ ಏನೂ ಕೇಳಲಿಲ್ಲ. ಗಂಡ ಮನೆಯಲ್ಲೇ ಇದ್ದಾನೆ, ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಪೆನ್ಶನ್ ಬರುತ್ತದೆ. ಮಾತಾಡುವುದಿಲ್ಲ ಎಂದು ಯಾರ ಮುಂದೆ ದೂರಲಿ? ದೂರಿದರೆ ನಗುತ್ತಾರೆ, "ನಮ್ಮವರಿಗೆ ಸ್ವಲ್ಪ ಕಲಿಸ್ರಿ ಅದನ್ನ" ಎನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಅದೊಂದೇ. ಒಂದು ದಿನವಾದರೂ ಈ ಮನುಷ್ಯ ನನ್ನ ಮುಂದೆ ಕೂತು ಬಾಯಿ ಬಿಡಬೇಕು.

ಅವರು ಮೊದಲು ಹೀಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ರಜೆಗೆ ಬಂದರೆ ಊಟದ ತಟ್ಟೆ ಒಣಗುವ ತನಕ ಮಾತಾಡುತ್ತಿದ್ದರು. ಟಿವಿಯ ತುಂಬ ಯುದ್ಧದ ಸುದ್ದಿಯೇ ಬರುತ್ತಿದ್ದ ಆ ವರ್ಷ ಎಲ್ಲ ಬದಲಾಯಿತು. ಯುದ್ಧ ಮುಗಿದು ಅವರು ರಜೆಗೆ ಬಂದ ದಿನ ಅತ್ತೆ ಇನ್ನೂ ಇದ್ದರು. ತಟ್ಟೆಯಲ್ಲಿ ಅರಿಷಿಣ ಸುಣ್ಣ ಕಲಸಿ ಕೆಂಪು ನೀರು ಮಾಡಿ, ದೀಪ ಹಚ್ಚಿ, ನಾವಿಬ್ಬರೂ ಹೊಸ್ತಿಲಲ್ಲಿ ಆರತಿ ಹಿಡಿದು ನಿಂತಿದ್ದೆವು. ಓಣಿಯವರೆಲ್ಲ ಸೇರಿದ್ದರು. ಅವರು ಬಂದರು, ತಟ್ಟೆ ನೋಡಿದರು, ನಿಂತರು. ಆಮೇಲೆ ಟ್ರಂಕು ಅಲ್ಲೇ ಬಿಟ್ಟು, ಸಂದಿಯಲ್ಲಿ ಸುತ್ತು ಹಾಕಿ, ಹಿತ್ತಲ ಬಾಗಿಲಿಂದ ಒಳಗೆ ಬಂದುಬಿಟ್ಟರು. ಅತ್ತೆಗೆ ಓಣಿಯ ಮುಂದೆ ತಲೆ ತಗ್ಗಿಸಿದಂತಾಯಿತು. ಆರತಿಯಲ್ಲಿ ಸೊಸೆಯಾದ ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಅವರು ಸಾಯುವ ತನಕ ಅಂದುಕೊಂಡಿದ್ದರು. ಆ ಕೆಂಪು ನೀರನ್ನು ನಾನೇ ರಸ್ತೆಗೆ ಚೆಲ್ಲಿದೆ.

"ಯಾಕ್ರಿ ಹಂಗ ಮಾಡಿದ್ರಿ?" ಎಂದು ಕೇಳಿದ್ದಕ್ಕೆ "ಏನಿಲ್ಲ" ಎಂದರು. ಅಲ್ಲಿಂದ ಮುಂದೆ ಎಲ್ಲದಕ್ಕೂ ಅದೇ ಉತ್ತರ. ನನಗೂ ಸಿಟ್ಟು ಇದೆ, ಇಲ್ಲದಿಲ್ಲ. ಒಮ್ಮೆ ಮುನಿಸಿಕೊಂಡು ನಾನೂ ಮಾತು ಬಿಟ್ಟು ನೋಡಿದೆ. ಅವರಿಗೆ ಗೊತ್ತೇ ಆಗಲಿಲ್ಲ. ಸೋತು ನಾನೇ ಮಾತಾಡಿದೆ.

ಹೊಸ ಟಿವಿ ತಂದಾಗ ಅದರ ಪೆಟ್ಟಿಗೆಯ ಥರ್ಮಾಕೋಲ್ ಎಸೆಯಲು ಹೋದೆ. "ಇರ್ಲಿ," ಎಂದು ಕೈಯಿಂದ ಕಸಿದುಕೊಂಡರು. ಗುಡ್ಡ ಶುರುವಾಗಿದ್ದು ಹಾಗೆ. ಅದನ್ನು ಕೊರೆದು, ಮೇಲೆ ಹಳೆಯ ಕಾಗದ ಅಂಟಿಸಿ, ಮನೋಳಿಯ ಹೊಳೆದಂಡೆಯಿಂದ ಆರಿಸಿ ತಂದ ಹರಳುಗಳನ್ನು ಸಿಕ್ಕಿಸಿದರು. ಮುರಿದ ಛತ್ರಿಯ ಕಡ್ಡಿಗಳು ತೋಪಿನ ಕೊಳವೆಗಳಾದವು. ಮೋಟರ್ ರಿಪೇರಿ ಅಂಗಡಿಯವರು ಬಿಸಾಕಿದ ಸುಟ್ಟ ತಾಮ್ರದ ತಂತಿ ಮುಳ್ಳುಬೇಲಿಯಾಯಿತು. ನನ್ನ ಬಿಪಿ ಗುಳಿಗೆಯ ತಗಡಿನ ಹಾಳೆ ಬಂಕರಿನ ಸೂರಾಯಿತು. ಜೋಳದ ದಂಟು ಸುಲಿದು ಒಳಗಿನ ಬೆಂಡಿನಿಂದ ಗುಂಡಿನ ಪೆಟ್ಟಿಗೆಗಳನ್ನು ಮಾಡಿದರು. ನಾವೆಲ್ಲ ಸಣ್ಣವರಿದ್ದಾಗ ಅದೇ ಬೆಂಡಿನಿಂದ ಚಕ್ಕಡಿ ಮಾಡಿ ಆಡಿದವರು. ಆದರೆ ಇದು ಆಟ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಆಡುವವರು ಅಷ್ಟು ಬಿಗಿದ ಮುಖ ಮಾಡಿಕೊಂಡು ಕೂರುವುದಿಲ್ಲ.

ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಫೋನಿನಲ್ಲಿ ಹೇಳಿದರೆ, "ಅಪ್ಪಾಗ ಹೊತ್ತು ಹೋಗಾಕ ಒಂದು ದಾರಿ ಸಿಕ್ತಲ್ಲ, ಇರ್ಲಿ ಬಿಡವ್ವಾ," ಎಂದಳು. ಅವಳ ಮನೆಗೆ ಹೋಗುವುದೂ ನಮ್ಮಲ್ಲಿ ಒಂದು ರಗಳೆ. ಸಾಲಹಳ್ಳಿ ಮೇಲೆ ಹೋಗುವ ಬಸ್ಸನ್ನು ಅವರು ಹತ್ತುವುದಿಲ್ಲ. ಅದು ಖಾಲಿ ನಿಂತಿದ್ದರೂ ಬಿಟ್ಟು, ಸವದತ್ತಿಗೆ ಹೋಗಿ, ಅಲ್ಲಿ ಎಲ್ಲಮ್ಮನ ಭಕ್ತರ ನೂಕುನುಗ್ಗಲಿನಲ್ಲಿ ಕಾಲು ತುಳಿಸಿಕೊಂಡು ಬೇರೆ ಬಸ್ಸು ಹಿಡಿಯಬೇಕು. ಯಾಕೆ ಎಂದರೆ ಏನಿಲ್ಲ. ಗಂಡಸರ ಹಟ ಎಂದು ನಾನೂ ಸೀರೆ ಎತ್ತಿ ಹಿಡಿದು ಹಿಂದೆ ಹೋಗುತ್ತಿದ್ದೆ.

ಗುಡ್ಡದ ಮೇಲೆ ಹಿಮ ಬೇಕಾಯಿತು. ಬೈಲಹೊಂಗಲದಲ್ಲಿ ಹತ್ತಿಗೇನು ಬರ? ಒಳ್ಳೆಯ ಹತ್ತಿಯನ್ನೇ ಹಿಂಜಿ ಕೊಂಡೊಯ್ದು ಕೊಟ್ಟೆ. ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟರು.

"ಹಿಮ ಹಿಂಗ ಇರೂದಿಲ್ಲ. ಮೆತ್ತಗ ಇರೂದು ಫೋಟೋದಾಗ. ಅಲ್ಲೆ ಅದು ಕಾಲು ಕೊಯ್ಯತಿತ್ತು."

ನಾನು ಹತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಅಲ್ಲಿನ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು. ಗುಡ್ಡಕ್ಕೆ ಏನಾದರೂ ಬೇಕಾದಾಗ ಒಂದೆರಡು ಮಾತು ಉದುರುತ್ತವೆ ಎಂದು ಅವತ್ತು ನನಗೆ ಹೊಳೆಯಿತು. ಆಮೇಲೆ ನಾನು ಕಸವನ್ನೇ ಎಸೆಯಲಿಲ್ಲ. ಗುಂಡಿಯ ಪ್ಯಾಕೆಟ್ಟು, ಜಿಪ್ಪಿನ ತುಂಡು, ಖಾಲಿಯಾದ ಟೂತ್‌ಪೇಸ್ಟಿನ ಮುಚ್ಚಳ, ಏನು ಸಿಕ್ಕರೂ ಹಿಡಿದುಕೊಂಡು ಹೋಗಿ, "ಇದು ನಡೀತೈತೇನ್ರಿ?" ಎಂದು ನಿಲ್ಲುತ್ತಿದ್ದೆ. ಬಹಳ ಸಲ "ಬ್ಯಾಡ" ಎನ್ನುವ ಒಂದೇ ಮಾತು ಸಿಗುತ್ತಿತ್ತು. ಅಷ್ಟಕ್ಕೇ ಯಂತ್ರದ ಮುಂದೆ ಬಂದು ಕೂತು ಅರ್ಧ ದಿನ ಖುಷಿಯಾಗಿರುತ್ತಿದ್ದೆ ಎಂದರೆ ನನ್ನ ಬಡತನ ಎಂಥದು ನೋಡಿ.

ಹಿಮಕ್ಕೆ ಉಪ್ಪು ಹಾಕಿ ನೋಡಿದರು. ಆಷಾಢದ ಜಿಟಿಜಿಟಿ ಮಳೆ ಹಿಡಿದದ್ದೇ ಗುಡ್ಡವೆಲ್ಲ ಬೆವೆತು ನೀರು ಸುರಿಸಿತು. ಕೊನೆಗೆ ನನ್ನ ರಂಗೋಲಿ ಪುಡಿಗೆ ಕೈ ಹಾಕಿದರು. ಅದನ್ನು ತೆಳುವಾದ ಸುಣ್ಣದಲ್ಲಿ ಕಲಸಿ ಬಳಿದರೆ ಒಣಗಿ ಗರಿಗರಿಯಾಗಿ ನಿಂತಿತು. "ಹಾಂ, ಹಿಂಗ," ಎಂದರು. ಮರುದಿನ ನಮ್ಮ ಅಂಗಳದಲ್ಲಿ ರಂಗೋಲಿ ಇರಲಿಲ್ಲ. ಎದುರುಮನೆಯಾಕೆ ಕೇಳಿದಾಗ "ನಮ್ಮ ರಂಗೋಲಿ ಗುಡ್ಡಾ ಹತ್ತೇತ್ರಿ" ಎಂದೆ. ಆಕೆಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಇಷ್ಟೆಲ್ಲ ಚಂದ ಮಾಡುವ ಕೈಗೆ ಮನುಷ್ಯರನ್ನು ಮಾಡಲು ಬರುತ್ತಿರಲಿಲ್ಲ. ಅವರು ಮಾಡಿದ ಸೈನಿಕರು ಥೇಟು ಕಡಬುಗಳು. ನಾನು ನಕ್ಕೆ. ಮನೋಳಿಯಲ್ಲಿ ಹುಟ್ಟಿದವಳು ನಾನು. ಆಷಾಢದ ಮಂಗಳವಾರ ಬಂತೆಂದರೆ ಮಲಪ್ರಭೆಯ ಮಣ್ಣು ತಂದು ಗುಳ್ಳವ್ವನ ಮೂರ್ತಿ ಮಾಡುವುದರಲ್ಲಿ ನಮ್ಮ ಓಣಿಯಲ್ಲಿ ನನ್ನದೇ ಮೊದಲ ಕೈ. ತವರಿಗೆ ಹೋದಾಗ ಚೀಲದಲ್ಲಿ ಮಣ್ಣು ತಂದೆ, ಹದ ಮಾಡಿದೆ, ಹೆಬ್ಬೆರಳುದ್ದದ ಒಬ್ಬ ಮನುಷ್ಯನನ್ನು ಕೂರಿಸಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನಗೂ ಒಂದು ಮಣೆ ಸರಿಸಿದರು.

ಆ ಮಧ್ಯಾಹ್ನಗಳು ನನಗೆ ಇಷ್ಟ. ಒಂದೇ ಕೋಣೆಯಲ್ಲಿ ಇಬ್ಬರೂ ತಲೆ ತಗ್ಗಿಸಿ ಕೂತಿರುತ್ತಿದ್ದೆವು. ಆದರೂ ನಡುವೆ ಆ ಗುಡ್ಡ ಇರುತ್ತಿತ್ತು. "ಇಂವ ಕುಂತಿರಲಿ. ಇಂವ ದುರ್ಬೀನು ಹಿಡದಿರಲಿ." ಅಷ್ಟೇ. "ಮಾರಿ ಹೆಂಗಿತ್ರಿ ಇವರದು?" ಎಂದು ಒಮ್ಮೆ ಮೆಲ್ಲಗೆ ಕೇಳಿದೆ. "ಮಾರಿ ಬ್ಯಾಡ. ಮಫ್ಲರ್ ಸುತ್ತು," ಎಂದರು. ಹಾಗಾಗಿ ನಮ್ಮ ಗುಡ್ಡದ ಮೇಲಿನ ಗಂಡಸರಿಗೆಲ್ಲ ಮುಖದ ಜಾಗದಲ್ಲಿ ನನ್ನ ಲೈನಿಂಗ್ ಬಟ್ಟೆ. ನಿಂತವರಿದ್ದರು, ಕೂತವರಿದ್ದರು. ಮಲಗಿದವರು ಯಾರೂ ಇರಲಿಲ್ಲ.

ಕಳೆದ ವರ್ಷದ ಖಂಡೇಪೂಜೆ. ಹಬ್ಬಕ್ಕೆಂದು ಗೋಡೆಗೆ ಬಳಿದು ಉಳಿದ ಸುಣ್ಣವನ್ನು ಅವರು ಹಿಂದಿನ ದಿನವಷ್ಟೇ ಗುಡ್ಡಕ್ಕೂ ಇನ್ನೊಂದು ಕೈ ಬಳಿದಿದ್ದರು. ಬೆಳಿಗ್ಗೆ ಚೆಂಡುಹೂ ತರಲು ಪೇಟೆಗೆ ಹೋದರು. ನಾನು ಹೊಲಿಗೆ ಯಂತ್ರ ತೊಳೆದು, ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆ ಎಲ್ಲ ಸಾಲಾಗಿಟ್ಟು ವಿಭೂತಿ ಹಚ್ಚಿದೆ, ಅರಿಷಿಣ ಕುಂಕುಮ ಇಟ್ಟೆ. ಅವರ ಇಕ್ಕಳ, ಬ್ಲೇಡುಗಳಿಗೂ ಇಟ್ಟೆ. ಆಗ ಹಿಂದಿನ ಕೋಣೆಯ ನೆನಪಾಯಿತು. ಈಳಿಗೆಮಣೆಗೂ ಪೂಜೆ ಮಾಡುವ ದಿನ, ಮನೆಯಲ್ಲಿ ತೋಪುಗಳನ್ನೇ ಇಟ್ಟುಕೊಂಡು ಬಿಡುವುದು ಹೇಗೆ? ಅರಿಷಿಣ ಕಲಸಿದ ಬಟ್ಟಲು ಹಿಡಿದು ಹೋದೆ. ಛತ್ರಿ ಕಡ್ಡಿಯ ತೋಪಿಗೆ ಉಂಗುರ ಬೆರಳಿನಿಂದ ಬೊಟ್ಟಿಟ್ಟೆ. ಬಟ್ಟಲು ವಾಲಿ ಅರಿಷಿಣದ ನೀರು ಹಿಮದ ಮೇಲೆ ಬಿತ್ತು.

ಹಳದಿ ಬಿದ್ದದ್ದು ಕಣ್ಣ ಮುಂದೆಯೇ ಕೆಂಪಾಯಿತು. ಜೀವನವಿಡೀ ಆರತಿ ಕಲಸಿದವಳಿಗೆ ಸುಣ್ಣಕ್ಕೆ ಅರಿಷಿಣ ಬಿದ್ದರೆ ಏನಾಗುತ್ತದೆಂದು ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಅದು ನನ್ನ ತಲೆಯಲ್ಲಿ ಹಿಮವಾಗಿಬಿಟ್ಟಿತ್ತು, ಸುಣ್ಣ ಎನ್ನುವುದೇ ಮರೆತುಹೋಗಿತ್ತು. ಸೆರಗಿನಿಂದ ಒರೆಸಿದೆ. ಇನ್ನಷ್ಟು ಹರಡಿತು. ತಿಂಗಳುಗಟ್ಟಲೆ ಮಾಡಿದ್ದು ಹಾಳಾಯಿತು, ಬೈಯಲಿ ಬೇಕಾದರೆ, ಆದರೆ ಆ ಮಣೆಯೊಂದನ್ನು ತೆಗೆಯದಿರಲಿ ಎಂದುಕೊಳ್ಳುತ್ತ ನಿಂತಿದ್ದಾಗ ಹಿಂದೆ ಅವರು ಬಂದರು. ಕೈಯಲ್ಲಿ ಚೆಂಡುಹೂವಿನ ಪೊಟ್ಟಣ.

ನೋಡಿದರು. ಮುಖದ ಬಣ್ಣ ಇಳಿದುಹೋಯಿತು. ಹೊಸ್ತಿಲಲ್ಲಿ ಆರತಿ ತಟ್ಟೆ ನೋಡಿ ನಿಂತಾಗ ಇದ್ದ ಮುಖವೇ. ಈಗ ಹಿತ್ತಲ ಬಾಗಿಲ ಕಡೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಹೂವು ಕೆಳಗಿಟ್ಟು, ಗುಡ್ಡದ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಅಲ್ಲೆ ಅಲ್ಲ," ಎಂದರು. "ಇನ್ನಷ್ಟು ಕೆಳಗ. ಈ ಕಲ್ಲಿನ ಮಗ್ಗಲಕ್ಕ."

ಬಟ್ಟಲಲ್ಲಿ ಬೆರಳದ್ದಿ, ಕಲ್ಲಿನ ಬುಡದಲ್ಲಿ ಒತ್ತಿದರು. ಅಲ್ಲಿಯೂ ಕೆಂಪಾಯಿತು.

ಅವರೇ ಮುಂದುವರಿಸಿದರು. "ಸಾಲಹಳ್ಳಿ ಹುಡುಗ. ನಮ್ಮ ತುಕಡ್ಯಾಗ ಕನ್ನಡ ಅಂದ್ರ ನಾ ಮತ್ತ ಅಂವ, ಇಬ್ಬರ. ಕಾವಲ ಪಾಳಿಗೆ ಕುಂತ್ರ ಬರೇ ಊರಿಂದ ಮಾತು. ಅಂವ ಹೋದ ಮ್ಯಾಲ ಅಲ್ಲೆ ಕನ್ನಡ ಮಾತಾಡಾಕ ಯಾರೂ ಉಳೀಲಿಲ್ಲ. ಇಲ್ಲಿಗೆ ಬಂದೆ. ಬಾಯಿ ತಗದ್ರ ಅಂವಾನ ನನ್ನ ಮುಂದ ಬಂದು ಕುಂದರತಿದ್ದ."

ಆಮೇಲೆ ನನ್ನ ಕಡೆ ತಿರುಗಿದರು. "ಇನ್ನೊಂದು ಮಾಡಿ ಕೊಡ್ತೀ? ಮಲಗಿದ್ದು. ಇವಗ ಮಾರಿ ಮಾಡು."

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಣ್ಣು ತೆಗೆದೆ. "ಹೆಂಗ ಮಲಗಿದ್ರಿ ಅವರು?" ಎಂದು ಕೇಳಿದೆ.

ಅವರು ಹಬ್ಬದ ಹೊಸ ಅಂಗಿಯಲ್ಲೇ ನೆಲದ ಮೇಲೆ ಎಡಮಗ್ಗುಲಾಗಿ ಮಲಗಿಬಿಟ್ಟರು. ಒಂದು ಕೈ ಕೆನ್ನೆಯ ಕೆಳಗೆ, ಇನ್ನೊಂದು ಮುಂದೆ ಚಾಚಿದ್ದು, ಒಂದು ಮೊಣಕಾಲು ಮಡಚಿದ್ದು. ನನ್ನ ಗಂಡ ಇಷ್ಟು ವರ್ಷ ಎಲ್ಲಿದ್ದರೆಂದು ನನಗೆ ಆಗ ಗೊತ್ತಾಯಿತು. ಕಣ್ಣು ತುಂಬಿ ಬಂದು ಮಣ್ಣು ಕಾಣದಾಯಿತು.

ಮಲಗಿದಲ್ಲಿಂದಲೇ ಮಾತಾಡತೊಡಗಿದರು. ಅವನ ಕಿವಿ ಸ್ವಲ್ಪ ಅಗಲ, ಅದನ್ನು ಮಾಡು. ಮೀಸೆ ಬಂದೂ ಬಾರದಂತಿತ್ತು. ಅವನ ಅವ್ವ ಕೊಟ್ಟ ಶೇಂಗಾ ಹಿಂಡಿಯನ್ನು ಹಿಮದ ಮೇಲೆ ಚಪಾತಿಗೆ ಹಚ್ಚಿ ತಿಂದದ್ದು. ರಜೆ ಸಿಕ್ಕರೆ ಇಬ್ಬರೂ ಕೂಡಿ ಉಗರಗೋಳದಲ್ಲಿ ಇಳಿದು ಎಲ್ಲಮ್ಮನ ಗುಡ್ಡ ನಡೆದೇ ಹತ್ತಬೇಕೆಂದು ಮಾತಾಡಿಕೊಂಡದ್ದು. ಮುಂದಿನ ಕೋಣೆಯಲ್ಲಿ ಪೂಜೆ ಅರ್ಧಕ್ಕೇ ನಿಂತಿತ್ತು, ದೀಪದ ಎಣ್ಣೆ ತೀರಿರಬೇಕು. ನಾನು ಏಳಲಿಲ್ಲ. ಕಿವಿ ಮಾಡಿದೆ, ಮೂಗು ಮಾಡಿದೆ, ಚಾಚಿದ ಕೈಯ ಬೆರಳುಗಳನ್ನೂ ಬಿಡಿಸಿದೆ.

"ಆತೇನು?" ಎಂದು ಮಲಗಿದಲ್ಲಿಂದಲೇ ಕೇಳಿದರು.

ಮುಖ, ಕೈ, ಕಾಲು ಎಲ್ಲ ಮುಗಿದು ಹುಡುಗ ಆಗಲೇ ನನ್ನ ಅಂಗೈಯಲ್ಲಿ ಮಲಗಿದ್ದ. ನಾನು ಅವನ ಚಾಚಿದ ಕೈಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಮಣ್ಣಿನ ಮುದ್ದೆ ಮಾಡಿದೆ.

"ಇನ್ನೂ ಇಲ್ರಿ," ಎಂದೆ. "ಹಂಗ ಮಲಕೊಂಡಿರ್ರಿ. ಮುಂದ ಹೇಳ್ರಿ."