ಇನ್ನೊಂಚೂರಣ್ಣ ನಳಿಕೆ ತೊಳೆದದ್ದು

ಕೆಟ್ಟ ವಸ್ತುವನ್ನು ಕಂಡರೆ ಎಲ್ಲರಿಗೂ ಬೇಜಾರಾಗುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡು ಸಂಕಟಪಡುವವರು ಅಪರೂಪ. ಅಂಥ ಒಬ್ಬ ನಮ್ಮ ಬೀದಿಯ ಪಾಲಿಗೆ ಬಂದಿದ್ದ. ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಸ್ಟೂಲು. ಯಂತ್ರ ರಿಪೇರಿಯಾಗಿ ಹೊಲಿಗೆ ಮುತ್ತು ಪೋಣಿಸಿದಂತೆ ಬೀಳತೊಡಗಿದ ಮೇಲೂ ಸ್ಕ್ರೂಡ್ರೈವರ್ ಕೆಳಗಿಡದೆ "ಇನ್ನೊಂಚೂರು" ಎನ್ನುತ್ತಿದ್ದ. ಆ ಇನ್ನೊಂದು ಚೂರಿಗೆ ದಾರ ಕಡಿಯುತ್ತಿತ್ತು. ಹೀಗಾಗಿ ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಿಗೆ ಮೀಸಲಾಗಿ, ಊರಿಗೆಲ್ಲ ಅವನು ಇನ್ನೊಂಚೂರಣ್ಣನಾದ.

ಮನೆಯಲ್ಲೂ ಇದೇ ಕತೆ. ಬಚ್ಚಲ ಬಾಗಿಲು ಕಿರುಗುಟ್ಟುತ್ತದೆಂದು ಸರಿಮಾಡಿದ. ಕಿರುಗುಟ್ಟುವುದು ನಿಂತಿತು, ಜೊತೆಗೆ ಚಿಲಕ ಬೀಳುವುದೂ ನಿಂತಿತು. ಅಂದಿನಿಂದ ಒಳಗೆ ಹೋದವರು ಹಾಡುತ್ತಲೇ ಸ್ನಾನ ಮಾಡಬೇಕು. ಹೆಂಡತಿ ಹೊಸ ಮಿಕ್ಸಿಯನ್ನು ಬಟ್ಟೆ ಬೀರುವಿನಲ್ಲಿ ಬಚ್ಚಿಟ್ಟಿದ್ದಳು. "ಕೆಟ್ಟ ಮೇಲೆ ತೋರಿಸ್ತೀನಿ ಕಣ್ರೀ, ಅಲ್ಲೀವರೆಗೂ ಸ್ವಲ್ಪ ತಡ್ಕೊಳ್ಳಿ" ಎಂದು ಗಂಡನಿಗೆ ಭರವಸೆಯನ್ನೂ ಕೊಟ್ಟಿದ್ದಳು.

ಇಂಥವನ ಕೈಗೆ ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವ ಏರ್ ರೈಫಲ್ ಬಿತ್ತು. ಊರಾಚೆ ಹಳೇ ಇಟ್ಟಿಗೆ ಗೂಡಿನ ಪಕ್ಕ ಒಂದು ರೈಫಲ್ ಕ್ಲಬ್ ಇತ್ತು. ಅಲ್ಲಿನ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ವಾರವೆಲ್ಲ ಊರವರ ಬಾಯಿ ಬಿಡಿಸಿ, ಭಾನುವಾರ ಮಾತ್ರ ತಾವು ಬಾಯಿ ಬಿಡುತ್ತಿದ್ದರು. ಇನ್ನೊಂಚೂರಣ್ಣನಿಗೆ ಗುರಿ ಹೊಡೆಯಲು ಬರುತ್ತಿರಲಿಲ್ಲ. ಆದರೆ ಸುಳ್ಳು ಹೇಳಬಾರದು, ರೈಫಲ್ಲಿನ ಹೊಟ್ಟೆಯೊಳಗಿನ ವಿಚಾರ ಅವನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಕ್ಲಬ್ಬಿನ ಎಲ್ಲ ರೈಫಲ್ಲುಗಳೂ ಅವನ ಅಂಗಡಿಯ ಮೇಜು ಹತ್ತಿ ಇಳಿದಿದ್ದವು. ಜೀವನದಲ್ಲಿ ಅವನಿಗೆ ಸಿಕ್ಕ ಮರ್ಯಾದೆಯೆಂದರೆ ಅದೊಂದೇ, ಅದನ್ನು ಅವನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ.

ಗುರಿ ಹೊಡೆಯುವವಳು ಅವನ ತಂಗಿ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ, ವಯಸ್ಸು ನಲವತ್ತೇಳು. ಅವಳು ಸೂಜಿ ಚುಚ್ಚಿದ್ದು ಎಷ್ಟೋ ರೋಗಿಗಳಿಗೆ ಗೊತ್ತೇ ಆಗುತ್ತಿರಲಿಲ್ಲ, ಕೈ ಅಷ್ಟು ಸ್ಥಿರ. ಸ್ಲಗ್ ಎಂಬ ಗುಂಡು ಹೊಡೆಯುವ ಕ್ಲಬ್ಬಿನ ನಾಲ್ವರ ತಂಡದಲ್ಲಿ ನಾಲ್ಕನೆಯ ಸ್ಥಾನ ಮೂರು ವರ್ಷದಿಂದ ಅವಳಿಗೆ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಈ ಸಲ ಸ್ಲಗ್ಗಿಗೆಂದೇ ಹೊಸ ನಳಿಕೆ ಹಾಕಿಸಿ, ಅಣ್ಣನಿಗೆ ರೈಫಲ್ ಒಪ್ಪಿಸಿದಳು.

ಏರ್ ರೈಫಲ್ಲಿನ ಮಾಮೂಲಿ ಗುಂಡಾದ ಪೆಲೆಟ್ ಎಂಬುದು ಸಾಧು ಪ್ರಾಣಿ. ನಡು ಸಣ್ಣ, ಹಿಂಭಾಗ ಲಂಗದ ಹಾಗೆ ಅಗಲ. ಎಂಥ ನಳಿಕೆಗೂ ಹೊಂದಿಕೊಂಡು ಹೋಗುತ್ತದೆ. ಸ್ಲಗ್ ಗಟ್ಟಿ ಸೀಸದ ತುಂಡು. ದೂರ ಹೋಗುತ್ತದೆ, ಗಾಳಿಗೆ ಸುಲಭವಾಗಿ ಜಗ್ಗುವುದಿಲ್ಲ, ಆದರೆ ಹೊಸ ಅಳಿಯನ ಹಾಗೆ ಎಲ್ಲವೂ ತನಗೆ ಬೇಕಾದಂತೆಯೇ ಇರಬೇಕು. ಇನ್ನೊಂಚೂರಣ್ಣ ಐದು ವಾರ ಆ ಅಳಿಯನ ಸೇವೆ ಮಾಡಿದ. ದಪ್ಪದಲ್ಲಿ ಕೂದಲಿನಷ್ಟೇ ವ್ಯತ್ಯಾಸವಿರುವ ನಾಲ್ಕು ಬಗೆಯ ಸ್ಲಗ್ ತರಿಸಿ, ಒಂದೊಂದನ್ನೂ ತೂಗಿ ಬೇರೆ ಬೇರೆ ಡಬ್ಬಿಗೆ ಹಾಕಿದ. ಗಾಳಿಯ ಒತ್ತಡ ಏರಿಸಿದ, ಸ್ಪ್ರಿಂಗ್ ಬಿಗಿಮಾಡಿದ, ಪ್ರತಿ ಹೊಡೆತದ ವೇಗ ಅಳೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದ. ಗುರುವಾರ ಸಂಜೆ ಐವತ್ತು ಮೀಟರಿನಲ್ಲಿ ತಂಗಿ ಹೊಡೆದ ಐದು ಸ್ಲಗ್ಗುಗಳೂ ಒಂದೇ ತೂತಿನಲ್ಲಿ ಹೋದವು. ಅಂಗಿಯ ಗುಂಡಿಯಿಟ್ಟರೆ ತೂತು ಕಾಣುತ್ತಿರಲಿಲ್ಲ.

"ಅಣ್ಣಾ, ಇಷ್ಟು ಸಾಕು" ಎಂದಳು ತಂಗಿ. "ಭಾನುವಾರದ ಆಯ್ಕೆ ಮುಗಿಯೋವರೆಗೂ ಒಂದು ಸ್ಕ್ರೂನೂ ಮುಟ್ಟಲ್ಲ ಅಂತ ಮಾತು ಕೊಡು."

"ಮುಟ್ಟಲ್ಲ."

"ಹೀಗಲ್ಲ. ಅತ್ತಿಗೆ ಎದುರಿಗೆ ಹೇಳು."

ಅತ್ತಿಗೆಯ ಎದುರಿಗೂ ಹೇಳಿದ. ಗಾಳಿ ತುಂಬುವ ಪಂಪು ಅವನ ಮನೆಯಲ್ಲಿದ್ದುದರಿಂದ ರೈಫಲ್ ಅಲ್ಲೇ ಉಳಿಯಿತು. ತಂಗಿ ಮಾಡಿದ ತಪ್ಪು ಅದು.

ಶುಕ್ರವಾರ ಅವನು ಕೈ ಕಟ್ಟಿಕೊಂಡು ಕೂತ. ಶನಿವಾರ ಮಧ್ಯಾಹ್ನ ಕೈ ತುರಿಸತೊಡಗಿತು. ನೋಡುವುದಕ್ಕೇನು ಅಡ್ಡಿ ಎಂದುಕೊಂಡು ನಳಿಕೆಯೊಳಗೆ ಟಾರ್ಚ್ ಬಿಟ್ಟು ಇಣುಕಿದ. ಐದು ವಾರದ ಸೀಸ ಒಳಗೆಲ್ಲ ಬೂದುಬಣ್ಣವಾಗಿ ಹಿಡಿದಿತ್ತು. ತಂಗಿ ಇಂಥ ಕೊಳಕು ನಳಿಕೆ ಹಿಡಿದು ನಾಲ್ಕು ಜನರೆದುರು ಹೋಗುವುದೇ? ಮಾತು ಕೊಟ್ಟದ್ದು ಸ್ಕ್ರೂ ವಿಚಾರಕ್ಕೆ, ನಳಿಕೆಯ ಪ್ರಸ್ತಾಪವೇ ಬಂದಿರಲಿಲ್ಲವಲ್ಲ. ಯಾವ ವಕೀಲರಿಗೂ ಕಡಿಮೆಯಿಲ್ಲದಂತೆ ತನ್ನ ಪರ ತಾನೇ ವಾದಿಸಿ, ತಾನೇ ತೀರ್ಪು ಕೊಟ್ಟುಕೊಂಡು, ದಾರಕ್ಕೆ ಬಟ್ಟೆ ಕಟ್ಟಿ ಎಳೆದ. ಕೊನೆಯ ಬಟ್ಟೆ ಹಾಲಿನ ಬಿಳುಪಿನಲ್ಲಿ ಹೊರಬರುವವರೆಗೆ ಬಿಡಲಿಲ್ಲ. ನಳಿಕೆ ತಳತಳ ಹೊಳೆಯಿತು. ಒಂದು ಸ್ಕ್ರೂವನ್ನೂ ಮುಟ್ಟದ ಸತ್ಯವಂತ ನೆಮ್ಮದಿಯಾಗಿ ಚಹಾ ಕುಡಿದ.

ಸ್ಲಗ್ ಹೊಡೆಯುವ ನಳಿಕೆಯನ್ನು ತೊಳೆದ ಮೇಲೆ ಹದಿನೈದಿಪ್ಪತ್ತು ಸ್ಲಗ್ ಹಾರಿಸಿ, ಒಳಗೆ ತೆಳ್ಳಗೆ ಸೀಸದ ಲೇಪ ಕೂರಿಸಬೇಕು. ಅಲ್ಲಿಯವರೆಗೆ ಸ್ಲಗ್ ಎತ್ತ ಹೋಗುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಈ ಪಾಠವನ್ನು ಕ್ಲಬ್ಬಿನಲ್ಲಿ ಕಂಡಕಂಡವರನ್ನೆಲ್ಲ ನಿಲ್ಲಿಸಿ ಹೇಳಿದವನು ಬೇರೆ ಯಾರೂ ಅಲ್ಲ, ಇವನೇ. ಹೊಳಪು ಕಂಡೊಡನೆ ಎಲ್ಲ ಮರೆತುಹೋಗಿತ್ತು.

ಭಾನುವಾರ ಪ್ರತಿಯೊಬ್ಬರಿಗೂ ಎರಡು ಪರೀಕ್ಷೆಯ ಹೊಡೆತ, ಆಮೇಲೆ ಲೆಕ್ಕಕ್ಕೆ ಬರುವ ಐದು. ತಂಗಿಯ ಮೊದಲ ಸ್ಲಗ್ ನಡುವಿನಿಂದ ಎರಡು ಬೆರಳು ಎಡಕ್ಕೆ ಹೋಯಿತು. ಎರಡನೆಯದು ಮೇಲಕ್ಕೆ. ದುರ್ಬೀನು ಹಿಡಿದು ಹಿಂದೆ ಕೂತಿದ್ದ ಅಣ್ಣನಿಗೆ ಎರಡೂ ತೂತು ಸ್ಪಷ್ಟವಾಗಿ ಕಂಡವು. ಆಗ ಪಾಠ ಅಕ್ಷರ ಅಕ್ಷರವೂ ನೆನಪಾಯಿತು. ಗುರಿ ಹೊಡೆಯುವವರೊಡನೆ ಮಾತಾಡುವಂತಿಲ್ಲವೆಂಬುದು ಕ್ಲಬ್ಬಿನ ನಿಯಮ. ಉಳಿದ ಐದು ಸ್ಲಗ್ಗುಗಳು ಐದು ದಿಕ್ಕು ಹಿಡಿಯುವುದನ್ನು ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾಯಿತು.

ನಾಲ್ಕನೆಯ ಸ್ಥಾನ ಇನ್ನೊಬ್ಬರ ಪಾಲಾಯಿತು. ಹಲ್ಲಿನ ಡಾಕ್ಟರು ಗುರಿಹಾಳೆ ಹಿಡಿದುಕೊಂಡು ಬಂದು ತಮ್ಮ ಭಾನುವಾರದ ಬಾಯಿ ಬಿಟ್ಟರು. "ರೈಫಲ್ ಬಗ್ಗೆ ಯಾರೂ ಬೆರಳು ತೋರಿಸೋ ಹಾಗಿಲ್ಲ, ನಮ್ಮ ಇನ್ನೊಂಚೂರಣ್ಣನ ಕೆಲಸ ಅದು. ಏನ್ಮಾಡೋದು ಅಮ್ಮ, ವಯಸ್ಸಾದ ಹಾಗೆ ಕೈ ಮಾತು ಕೇಳಲ್ಲ."

ಸುತ್ತ ನಿಂತವರು ತಲೆಯಾಡಿಸಿದರು. ಇನ್ನೊಂಚೂರಣ್ಣ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು, ಮರ್ಯಾದೆಗೆ ಒಂದು ಗೀರೂ ಬೀಳುತ್ತಿರಲಿಲ್ಲ.

ತಂಗಿ ತನ್ನ ಬಲಗೈಯನ್ನೇ ನೋಡುತ್ತಿದ್ದಳು. "ಅಣ್ಣಾ, ಈ ರೈಫಲ್ಲನ್ನ ಯಾರಿಗಾದ್ರೂ ಕೊಟ್ಬಿಡು. ನಾಳೆ ಸೂಜಿ ಹಿಡಿಯೋಕೂ ಭಯ ಆಗ್ತಿದೆ ನನಗೆ."

ಇನ್ನೊಂಚೂರಣ್ಣ ಮುಂದೆ ಬಂದ. "ನಿನ್ನ ಕೈಗೇನೂ ಆಗಿಲ್ಲ ಕಣೇ" ಎಂದ. ದನಿ ಎಲ್ಲರಿಗೂ ಕೇಳಿಸುವಷ್ಟು ದೊಡ್ಡದಾಗಿತ್ತು. "ನಿನ್ನೆ ನಾನು ನಳಿಕೆ ತೊಳೆದೆ. ತೊಳೆದು, ಒಂದು ಸ್ಲಗ್ಗೂ ಹಾರಿಸದೆ ಹಾಗೇ ಇಟ್ಟೆ."

ಆ ಪಾಠವನ್ನು ಇವನಿಂದಲೇ ಕಲಿತ ಆರೇಳು ಮಂದಿ ಅಲ್ಲಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರು ಗುರಿಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮೂವತ್ತು ವರ್ಷದಲ್ಲಿ ಗಳಿಸಿದ್ದ ಒಂದೇ ಒಂದು ಮರ್ಯಾದೆ ಅರೆನಿಮಿಷದಲ್ಲಿ ಮಣ್ಣುಪಾಲಾಯಿತು.

ತಂಗಿ ರೈಫಲ್ ಎತ್ತಿಕೊಂಡು, ಉಳಿದ ಸ್ಲಗ್ಗಿನ ಡಬ್ಬಿ ಹಿಡಿದು ಅಭ್ಯಾಸದ ಜಾಗಕ್ಕೆ ಹೋದಳು. ಒಂದೊಂದಾಗಿ ಹಾರಿಸಿದಳು. ಮೊದಲಿನವು ಚೆಲ್ಲಾಪಿಲ್ಲಿ. ಆಮೇಲೆ ಹತ್ತಿರ ಹತ್ತಿರ ಬಂದವು. ಕೊನೆಯ ಐದೂ ಒಂದೇ ತೂತಿನಲ್ಲಿ ಹೋದವು.

ಅವಳು ಎದ್ದು ಬಂದಾಗ ಕಣ್ಣು ತುಂಬಿತ್ತು. ಅಣ್ಣ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದ.

"ಮುಂದಿನ ವರ್ಷಾನೂ ನೀನೇ ಟ್ಯೂನ್ ಮಾಡು" ಎಂದಳು. "ಆದ್ರೆ ಆಯ್ಕೆಗೆ ಮೂರು ದಿನ ಮುಂಚೆ ರೈಫಲ್, ಪಂಪು, ಅತ್ತಿಗೆ, ಮೂರನ್ನೂ ನಮ್ಮನೆಗೆ ಕಳಿಸು. ನೀನು ಮಾತ್ರ ಬರಬೇಡ."