ನಸ್ರೀನ್‌ಗೆ ನಾನು ಕೊಡದ ಟಿ.ಸಿ.

ಕೋವಿಡ್ ನಂತರ ಶಾಲೆಗಳು ಪೂರ್ತಿ ತೆರೆದ ಮೊದಲ ವರ್ಷ. ನಾನು ಬೆಂಗಳೂರಿನ ರಿಚರ್ಡ್ಸ್ ಟೌನ್ ಹತ್ತಿರದ ಒಂದು ಅನುದಾನಿತ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನವೆಂಬರ್‌ನ ಒಂದು ಸೋಮವಾರ, ಮೂರನೇ ಪೀರಿಯಡ್ ನಡುವೆ ಕನ್ನಡ ಟೀಚರ್ ವಿಮಲಾ ಒಂದು ನೋಟ್‌ಬುಕ್ ತಂದು ನನ್ನ ಮೇಜಿನ ಮೇಲಿಟ್ಟರು. ಹತ್ತನೇ ತರಗತಿಯ ಹುಡುಗಿಯದು, ನಸ್ರೀನ್ ಎನ್ನೋಣ. ಪ್ರಬಂಧದ ಕೊನೆಗೆ ಬರೆದಿದ್ದಳು: 'ಟೀಚರ್, ನನಗೆ ಬದುಕೋದು ಬೇಡ ಅನ್ನಿಸ್ತಿದೆ. ಯಾರಿಗೆ ಹೇಳಬೇಕು ಗೊತ್ತಿಲ್ಲ.'

ಅವಳನ್ನು ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿಯೇ ಕೇಳಿದೆ: "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಆಗುವುದಿಲ್ಲ ಎಂದು ತರಬೇತಿಯಲ್ಲಿ ಕಲಿತಿದ್ದೆ. ಅವಳು ಹೌದೆಂದು ತಲೆಯಾಡಿಸಿ ತುಂಬ ಹೊತ್ತು ಅತ್ತಳು. ಕಾರಣಗಳು ಅವಳವು, ಇಲ್ಲಿ ಬರೆಯುವುದಿಲ್ಲ.

ಶಿವಾಜಿನಗರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅವಳ ತಂದೆಗೆ ಫೋನ್ ಮಾಡಿದೆ. ಅವರು ಬರುವವರೆಗೆ ವಿಮಲಾ ಅವಳ ಪಕ್ಕ ಬಿಟ್ಟು ಏಳಲಿಲ್ಲ.

"ನನ್ನ ಮಗಳು ಏನ್ ತಪ್ಪು ಮಾಡಿದ್ಲು ಮೇಡಂ?" ತಂದೆ ಬಾಗಿಲಲ್ಲೇ ನಿಂತು ಕೇಳಿದರು.

"ತಪ್ಪೇನಿಲ್ಲ ರೀ. ಸಹಾಯ ಕೇಳಿದ್ದಾಳೆ."

ಅದೇ ಮಧ್ಯಾಹ್ನ ನಸ್ರೀನ್, ಅವಳ ತಂದೆ, ನಾನು ಮೂವರೂ ಮನೋವೈದ್ಯರ ಮುಂದೆ ಕೂತಿದ್ದೆವು. ಅವರು ಸೇಫ್ಟಿ ಪ್ಲಾನ್ ಮಾಡಿಸಿದರು. ಮನಸ್ಸು ಕುಸಿದಾಗ ಏನು ಮಾಡಬೇಕು, ಯಾರ ಬಳಿ ಹೋಗಬೇಕು ಎಂದು ಅವಳ ಕೈಯಲ್ಲೇ ಬರೆಸಿದ ಒಂದು ಹಾಳೆ ಅದು. ಶಾಲೆಯ ಕಡೆಯಿಂದ ವಿಮಲಾ ಹೆಸರು, ಕೆಳಗೆ ನನ್ನದು.

ಗುರುವಾರದ ಹೊತ್ತಿಗೆ ಸುದ್ದಿ ಆಡಳಿತ ಮಂಡಳಿಗೆ ಮುಟ್ಟಿತ್ತು. ಕಾರ್ಯದರ್ಶಿ ಟಿ.ಸಿ., ಅಂದರೆ ವರ್ಗಾವಣೆ ಪತ್ರದ ಫಾರಂ ಹಿಡಿದೇ ಬಂದರು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಟಿವಿಯವರು ಗೇಟ್ ಮುಂದೆ ಇರ್ತಾರೆ. ಬೇರೆ ಸ್ಕೂಲ್ ನೋಡ್ಕೊಳ್ಳಲಿ."

"ಹೆಚ್ಚುಕಮ್ಮಿ ಆಗ್ಬಾರ್ದು ಅಂತಲೇ ಇಲ್ಲಿ ಇಟ್ಕೊಂಡಿದ್ದೀನಿ, ಸಾರ್."

"ಇದು ಕಮಿಟಿ ನಿರ್ಧಾರ."

ಫಾರಂ ಎಳೆದುಕೊಂಡೆ. ಶಾಲೆ ಬಿಡಲು ಕಾರಣ ಎಂಬಲ್ಲಿ 'ಟೀಚರ್ ಬಳಿ ಸಹಾಯ ಕೇಳಿದ್ದಕ್ಕೆ' ಎಂದು ಬರೆದು ಅವರ ಕಡೆ ತಿರುಗಿಸಿದೆ. "ಕೆಳಗೆ ನೀವು ಸೈನ್ ಮಾಡಿ. ನಾನು ಮಾಡಲ್ಲ."

ಅವರು ಮಾಡಲಿಲ್ಲ. ಆ ಹಾಳೆಯನ್ನು ಅವರೆದುರೇ ಹರಿದುಹಾಕಿದೆ.

ಮರುವಾರ ಕಾರಣ ಕೇಳಿ ಮಂಡಳಿಯಿಂದ ನನಗೆ ನೋಟಿಸ್ ಬಂತು. ಒಂದೇ ಸಾಲಿನ ಉತ್ತರ ಕೊಟ್ಟೆ: 'ಆ ಆದೇಶದಿಂದ ಮಗುವಿಗೆ ಅಪಾಯವಿದೆ, ಪಾಲಿಸುವುದಿಲ್ಲ.' ವಿಚಾರಣೆ ನಿವೃತ್ತಿಯವರೆಗೂ ಎಳೆಯಿತು. ಬೀಳ್ಕೊಡುಗೆ ಸಮಾರಂಭವನ್ನೂ ಮಾಡಲಿಲ್ಲ. ನನಗೂ ಅದು ಬೇಡವಾಗಿತ್ತು.

ನಸ್ರೀನ್‌ಗೆ ಆ ವರ್ಷ ಸುಲಭವಾಗಿರಲಿಲ್ಲ. ಜನವರಿಯಲ್ಲಿ ಎರಡು ವಾರ ಬರಲೇ ಇಲ್ಲ; ವಿಮಲಾ ದಿನವೂ ಅವಳ ಮನೆಗೆ ಹೋಗಿಬಂದರು. ಗಣಿತವನ್ನು ಪೂರಕ ಪರೀಕ್ಷೆಯಲ್ಲಿ ಪಾಸು ಮಾಡಿದಳು. ಈಗ ಬಾಣಸವಾಡಿ ಕಡೆಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಡಾಕ್ಟರನ್ನು ಇನ್ನೂ ಕಾಣುತ್ತಾಳೆ.

ಬಾಯಿಬಿಟ್ಟು ಹೇಳಿದ ಒಂದು ಮಗುವನ್ನು ಹೊರಗೆ ಹಾಕಿದರೆ ಉಳಿದ ಮಕ್ಕಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಖ್ಯಸ್ಥರ ಕುರ್ಚಿಯಲ್ಲಿ ಕೂತವರು ಇಷ್ಟನ್ನಾದರೂ ತಿಳಿದಿರಬೇಕು. ನಸ್ರೀನ್ ತನ್ನ ಬೆಂಚಿನಲ್ಲೇ ಉಳಿದದ್ದನ್ನು ಎಲ್ಲರೂ ನೋಡಿದ್ದರು. ಬೇಸಿಗೆ ರಜೆಗೆ ಮುಂಚೆ ಇನ್ನೂ ಮೂವರು ಮಕ್ಕಳು ವಿಮಲಾ ಬಳಿ ಬಂದು ಮಾತಾಡಿದರು.